ಲೀಟರಿಗೆ ಏಳು ಕಿಲೋಮೀಟರ್

ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟ ವರ್ಷ ನಾನು ಜೀಪು ಓಡಿಸುವುದನ್ನು ಸರಿಯಾಗಿ ಕಲಿತೆ. ಅದಕ್ಕೆ ಮುಂಚೆ ಬರುತ್ತಲೇ ಇರಲಿಲ್ಲವೆಂದಲ್ಲ. ಕಿಗ್ಗದ ಅಂಗಡಿಯವರೆಗೆ ನಾಲ್ಕಾರು ಸಲ ಓಡಿಸಿಕೊಂಡು ಹೋಗಿದ್ದೆ. ಆದರೆ ಆ ಜೀಪು ನನ್ನದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಅದು ಪೂರ್ತಿ ಅವರದ್ದು.

ಸಿರಿಮನೆಯಿಂದ ಮೇಲಕ್ಕೆ ಮೂರು ಕಿಲೋಮೀಟರ್ ಹತ್ತಿದರೆ ನಮ್ಮ ಮನೆ. ಆ ಮೂರು ಕಿಲೋಮೀಟರಿಗೆ ರಸ್ತೆ ಎಂದು ಹೆಸರು ಅಷ್ಟೆ. ಕಲ್ಲು, ಕೊರಕಲು, ಎರಡು ಕಡೆ ಮಣ್ಣು ಕುಸಿಯುವ ತಿರುವು. ಸಿರಿಮನೆಯ ಜಲಪಾತ ನೋಡಲು ಬಂದವರನ್ನು ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿ ತರುವುದು ನಮ್ಮವರ ಕೆಲಸ. ಮಳೆಗಾಲದಲ್ಲಿ ಕೊಪ್ಪ, ನರಸಿಂಹರಾಜಪುರದ ಕಡೆ ಎಲ್ಲಿ ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆ ನಡೆದರೂ ಇವರು ಹೋಗುವವರೇ. ಅದಕ್ಕಾಗಿ ಆರು ವರ್ಷ ಆ ಹಳೆಯ ಡೀಸೆಲ್ ಜೀಪಿಗೆ ಒಂದೊಂದಾಗಿ ಏನೇನೋ ಕೂರಿಸಿದರು. ನನ್ನ ಸೊಂಟದೆತ್ತರದ ಕೆಸರಿನ ಟೈರು. ಜೀಪನ್ನು ಅರ್ಧ ಅಡಿ ಎತ್ತಿದ ಹೊಸ ಸ್ಪ್ರಿಂಗು. ಮುಂದೆ ಕಬ್ಬಿಣದ ಭಾರಿ ಬಂಪರ್, ಅದರ ಮೇಲೆ ಹೂತ ಗಾಡಿಯನ್ನು ತಂತಿಯಲ್ಲಿ ಎಳೆಯುವ ವಿಂಚು, ತಲೆಯ ಮೇಲೆ ಕ್ಯಾರಿಯರ್, ಅದಕ್ಕೆ ನಾಲ್ಕು ಲೈಟು. ಕೆಳಗೆ ಕಲ್ಲು ತಗಲಬಾರದೆಂದು ಮೊದಲಿನ ಡೀಸೆಲ್ ಟ್ಯಾಂಕ್ ತೆಗೆದು ಚಿಕ್ಕದೊಂದನ್ನು ಹಾಕಿಸಿದರು. ಅಂದಿನಿಂದ ಡೀಸೆಲ್ ತೋರಿಸುವ ಮುಳ್ಳು ಕೆಲಸ ಮಾಡುವುದನ್ನು ನಿಲ್ಲಿಸಿತು. ಎಷ್ಟು ಡೀಸೆಲ್ ಇದೆ ಎಂದು ತಿಳಿಯಲು ಬಿದಿರಿನ ಕಡ್ಡಿ ಅದ್ದಿ ನೋಡಬೇಕು.

ನಾನು ಮನೆಯಲ್ಲಿ ರವಿಕೆ, ಚೂಡಿದಾರ ಹೊಲಿಯುವವಳು. ಆ ಜೀಪಿಗೆ ನನ್ನ ಪಾಲೆಂದರೆ ಸೀಟಿನ ಕವರು ಹೊಲಿದುಕೊಟ್ಟದ್ದು. ನಮಗೆ ಮಕ್ಕಳಿಲ್ಲ. ಜೀಪನ್ನು ಅವರು ನೋಡಿಕೊಳ್ಳುವ ರೀತಿ ಕಂಡು ಊರಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಲವತ್ತೊಂಬತ್ತನೆಯ ವಯಸ್ಸಿಗೆ ಅವರ ಕಾಲು ಊದಲು ಶುರುವಾಯಿತು. ಬಹಳ ದಿನದಿಂದ ಇದ್ದ ಬಿಪಿಗೆ ಮಾತ್ರೆ ನುಂಗದೆ ಬಿಟ್ಟಿದ್ದರು. ಎರಡು ತಿಂಗಳ ಓಡಾಟದ ನಂತರ ಡಾಕ್ಟರು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕೆಂದರು. ಜಾಗ ಸಿಕ್ಕಿದ್ದು ಕೊಪ್ಪದಲ್ಲಿ. ಮಂಗಳವಾರ, ಗುರುವಾರ, ಶನಿವಾರ, ಹನ್ನೊಂದು ಗಂಟೆಯ ಪಾಳಿ. ಯಂತ್ರದ ಮುಂದೆ ನಾಲ್ಕು ಗಂಟೆ.

ಆಟೋ ನಮ್ಮ ಏರು ಹತ್ತುವುದಿಲ್ಲ. ಕಿಗ್ಗದಿಂದ ಬಸ್ಸಿದೆ, ಆದರೆ ಡಯಾಲಿಸಿಸ್ ಮುಗಿಸಿ ಎದ್ದವರಿಗೆ ತಲೆ ತಿರುಗುತ್ತಿತ್ತು, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎಡಗೈಯಲ್ಲಿ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ್ದರಿಂದ ಸ್ಟೇರಿಂಗ್ ಎಳೆಯಲೂ ಆಗದು. ಹಾಗಾಗಿ ಅವರು ಪಕ್ಕದ ಸೀಟಿಗೆ ಬಂದರು, ನಾನು ಅವರ ಸೀಟಿಗೆ.

ಹೋಗಿ ಬರಲು ಹತ್ತಿರ ಹತ್ತಿರ ತೊಂಬತ್ತು ಕಿಲೋಮೀಟರ್. ಮೊದಲ ತಿಂಗಳು ಡೀಸೆಲ್ ಬಗ್ಗೆ ಯೋಚಿಸಲು ತಲೆಯಲ್ಲಿ ಜಾಗವೇ ಇರಲಿಲ್ಲ. ಎರಡನೆಯ ತಿಂಗಳು ಒಂದು ದಿನ ಶೃಂಗೇರಿಯ ಬಂಕಿನ ಹುಡುಗಿ, "ಅಕ್ಕ, ಮೊನ್ನೆ ಅಲ್ದಾ ಹಾಕ್ಸಿದ್ದು?" ಎಂದು ಕೇಳಿದಳು. ಮನೆಗೆ ಬಂದು ಗ್ರಾಹಕರ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ನೋಡಿದೆ. ಲೀಟರಿಗೆ ಏಳು ಕಿಲೋಮೀಟರ್ ಬರುತ್ತಿತ್ತು. ಕೆಲವು ಸಲ ಆರೂವರೆ.

"ಇಷ್ಟೇ ಕೊಡೂದಾ ಇದು?" ಎಂದು ಕೇಳಿದೆ.

"ಬೆಟ್ಟ ಹತ್ತೋ ಗಾಡಿ ಮಾರಾಯ್ತಿ. ಸ್ಕೂಟರ್ ಅಲ್ಲ," ಎಂದರು.

ಪ್ರವಾಸಿಗರ ಕೆಲಸ ನಿಂತಿತ್ತು. ಹೊಲಿಗೆಯಲ್ಲಿ ಬಂದದ್ದೆಲ್ಲ ಆ ಚಿಕ್ಕ ಟ್ಯಾಂಕಿಗೆ ಹೋಗುತ್ತಿತ್ತು. ವಾರಕ್ಕೆ ಮೂರು ದಿನ ರಸ್ತೆಯಲ್ಲಿದ್ದರೆ ಹೊಲಿಯುವುದು ಯಾವಾಗ? ಆಷಾಢ ಬಂತು, ಮದುವೆಗಳಿಲ್ಲ, ರವಿಕೆಗಳೂ ಇಲ್ಲ. ಆ ವಾರ ನಾನು ಈ ಜನ್ಮದಲ್ಲಿ ಮರೆಯಲಾಗದ ಒಂದು ತಪ್ಪು ಮಾಡಿದೆ. ಬುಧವಾರ ಸಂಜೆ ಅವರಿಗೆ ಊಟ ಬಡಿಸುತ್ತ, "ನಾಳೆ ಒಂದಿನ ಬಿಡೂದಾ? ಶನಿವಾರ ಹೋದ್ರೆ ಆಗ್ತದೇನೋ," ಎಂದೆ.

ಅವರು ನನ್ನ ಮುಖ ನೋಡಿದರು. ಯಾಕೆಂದು ಕೇಳಲಿಲ್ಲ. "ಆಗ್ಲಿ. ಒಂದಿನ ಬಿಟ್ರೆ ಎಂತ ಆಗ್ತದೆ," ಎಂದರು.

ಶುಕ್ರವಾರ ಅವರ ಮುಖ ಊದಿತ್ತು. ಶನಿವಾರ ಬೆಳಿಗ್ಗೆ ಮಲಗಲಾಗದೆ ಗೋಡೆಗೆ ಒರಗಿ ಕೂತಿದ್ದರು. ಉಸಿರಾಡುವಾಗ ಎದೆಯಲ್ಲಿ ನೀರು ಕುದಿಯುವಂಥ ಸದ್ದು. ನಾನು ಕಡ್ಡಿ ಅದ್ದಿ ನೋಡಿದೆ, ಎರಡು ಬೆರಳಿಗಿಂತ ಮೇಲೇ ಇತ್ತು. ಕೊಪ್ಪ ತಲುಪಲು ಸಾಕು, ಬರುವಾಗ ಹಾಕಿಸಿಕೊಂಡರಾಯಿತು ಎಂದುಕೊಂಡು ಶೃಂಗೇರಿಯ ಬಂಕಿನಲ್ಲಿ ನಿಲ್ಲಿಸದೆ ಹೋದೆ. ಅಲ್ಲಿ ನಾಲ್ಕು ಲಾರಿಗಳ ಸಾಲಿತ್ತು, ಅವರ ಉಸಿರು ನನ್ನ ಕಿವಿಯಲ್ಲೇ ಇತ್ತು. ನಮ್ಮ ಅಂಗಳ ಇಳಿಜಾರು, ಜೀಪು ಓರೆಯಾಗಿ ನಿಂತಾಗ ಡೀಸೆಲ್ಲೆಲ್ಲ ಕಡ್ಡಿ ಅದ್ದುವ ಬದಿಗೇ ಬಂದು ನಿಂತಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಶೃಂಗೇರಿ ದಾಟಿ ಸ್ವಲ್ಪ ದೂರಕ್ಕೆ ಕೊಪ್ಪದ ರಸ್ತೆಗೆ ಮರ ಬಿದ್ದು ವಾಹನಗಳು ನಿಂತಿದ್ದವು. ತೆಗೆಯಲು ಎರಡು ಗಂಟೆಯಾದರೂ ಬೇಕು ಎಂದರು. ಹಿಂದೆ ತಿರುಗಿಸಿ ಜಯಪುರದ ಕಡೆಯಿಂದ ಸುತ್ತಿ ಹೋಗಲು ಹೊರಟೆ. ಜಯಪುರ ಇನ್ನೂ ಐದಾರು ಕಿಲೋಮೀಟರ್ ಇದೆ ಎನ್ನುವಾಗ ಒಂದು ಏರಿನಲ್ಲಿ ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು.

ಬಿಡದ ಮಳೆ. ಒಂದೂ ವಾಹನ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅವರು ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ನಾನು ರಸ್ತೆಯ ನಡುವೆ ನಿಂತೆ. ಆಗ ನನಗೆ ದೇವರೂ ನೆನಪಾಗಲಿಲ್ಲ. ಗುರುವಾರ ನೆನಪಾಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಸಿಮೆಂಟು ತುಂಬಿದ ಪಿಕಪ್ಪೊಂದು ಬಂತು. ನಾನು ಕೈ ಅಡ್ಡ ಹಿಡಿದೆ. ಡ್ರೈವರು ಇಳಿದು ಜೀಪಿನೊಳಗೆ ಇಣುಕಿ ನೋಡಿದ. ಏನೂ ಕೇಳದೆ ತನ್ನ ಟ್ಯಾಂಕಿಗೆ ಪೈಪು ಹಾಕಿ, ಬಾಯಿಂದ ಎಳೆದು, ಎರಡು ನೀರಿನ ಬಾಟಲಿ ಡೀಸೆಲ್ ತೆಗೆದುಕೊಟ್ಟ. ಟ್ಯಾಂಕಿಗೆ ಸುರಿದೆ. ಕೀ ತಿರುಗಿಸಿದರೆ ಇಂಜಿನ್ ಸುಮ್ಮನೆ ಗರಗರ ಎಂದಿತೇ ಹೊರತು ಹಿಡಿಯಲಿಲ್ಲ.

"ಗಾಳಿ ಹೊಕ್ಕಿದೆ," ಅವರು ಉಸಿರಿನ ನಡುವೆ ಹೇಳಿದರು. "ಬ್ಯಾಟರಿ ಮುಗಿಸ್ಬೇಡ. ಬಾನೆಟ್ ತೆಗಿ."

ಡ್ರೈವರು ಇಂಜಿನ್ ಮೇಲೆ ಕೊಡೆ ಹಿಡಿದ. ಅವರು ಕೂತಲ್ಲಿಂದಲೇ, ಎರಡೆರಡು ಮಾತಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಫಿಲ್ಟರ್ ಮೇಲೆ ಬೋಲ್ಟ್ ಅದೆ. ಸ್ವಲ್ಪ ಸಡಿಲ ಮಾಡು. ಪೂರ್ತಿ ತೆಗೀಬೇಡ... ಅದ್ರ ಕೆಳಗೆ ಒಂದು ಗುಬುಟು. ತಿರುಗಿಸಿದ್ರೆ ಮೇಲೆ ಬರ್ತದೆ. ಅದನ್ನ ಒತ್ತು... ನೊರೆ ಬರ್ತದೆ. ನೊರೆ ನಿಲ್ಲೋ ತನಕ ಒತ್ತು."

ನಾನು ಒತ್ತಿದೆ. ಬೋಲ್ಟಿನ ಸಂದಿಯಿಂದ ಬುಳುಬುಳು ನೊರೆ ಬಂತು. ಹೆಬ್ಬೆರಳಿನ ಸಿಪ್ಪೆ ಎದ್ದಿತು. ನೊರೆ ನಿಂತು ಬರಿ ಡೀಸೆಲ್ ಬರುವಷ್ಟರಲ್ಲಿ ಅವರ ಮಾತು ನಿಂತಿತ್ತು. ತಿರುಗಿ ನೋಡಿದೆ. ಕಣ್ಣು ತೆರೆದೇ ಇತ್ತು. "ಬಿಗಿ ಮಾಡು," ಎಂದು ಕೈಸನ್ನೆ ಮಾಡಿದರು.

ಕೊಪ್ಪ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ನರ್ಸು ಬೇರೊಬ್ಬರನ್ನು ಕೂರಿಸುವವಳಿದ್ದಳು, ಇವರನ್ನು ನೋಡಿ ತಕ್ಷಣ ಆಮ್ಲಜನಕ ಹಾಕಿ ಯಂತ್ರಕ್ಕೆ ಜೋಡಿಸಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಗುರುವಾರ ಯಾಕೆ ಬರಲಿಲ್ಲ?" ಎಂದರು. ರಸ್ತೆ ಸರಿಯಿರಲಿಲ್ಲ ಎಂದು ಸುಳ್ಳು ಹೇಳಿದೆ. "ಇನ್ನೊಂದು ಸಲ ಹೀಗಾದರೆ ನಾನೇನೂ ಮಾಡುವ ಹಾಗಿರುವುದಿಲ್ಲ," ಎಂದರು. ಜೀಪಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಬಟ್ಟೆಯೆಲ್ಲ ಡೀಸೆಲ್ ವಾಸನೆ. ಅಳು ಬರಲಿಲ್ಲ. ಈ ಜೀಪು ಕುಡಿಯುವುದನ್ನು ಕಡಿಮೆ ಮಾಡದಿದ್ದರೆ ಇವರು ಉಳಿಯುವುದಿಲ್ಲ, ಬೇರೆ ದಾರಿಯಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನವೇ ಕೈಗೆ ಸಿಕ್ಕ ಸ್ಪ್ಯಾನರು ಹಿಡಿದು ಕ್ಯಾರಿಯರ್ ಬಿಚ್ಚಿದೆ. ಲೈಟುಗಳನ್ನು ತೆಗೆದೆ. ಬಂಪರನ್ನೂ ವಿಂಚನ್ನೂ ಇಳಿಸಲು ಪಕ್ಕದ ಮನೆಯ ಇಬ್ಬರು ಬಂದರು. ನಮ್ಮವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಬಂಪರ್ ನೆಲಕ್ಕೆ ಬಿದ್ದ ಸದ್ದಿಗೆ ಎದ್ದು ಒಳಗೆ ಹೋದರು. ಇಷ್ಟು ಭಾರ ಇಳಿಸಿದ ಮೇಲೆ ಲೆಕ್ಕ ಹಾಕಿದರೆ ಏಳೂವರೆ ಬಂತು.

ಆಮೇಲೆ ನಾನು ಯಾರು ಏನು ಹೇಳಿದರೂ ಕೇಳಿದೆ. ಒಬ್ಬರು ಡೀಸೆಲಿಗೆ ಬೆರೆಸುವ ಔಷಧಿಯ ಡಬ್ಬಿ ಕೊಡಿಸಿದರು. ಇನ್ನೊಬ್ಬರು ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ ತಂದುಕೊಟ್ಟರು. ಕಟ್ಟಿದೆ. ಅಯಸ್ಕಾಂತ ಕಟ್ಟುವಾಗ ಕೈಮುಗಿದದ್ದೂ ಹೌದು. ಏನೂ ಬದಲಾಗಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿದರೆ ಉಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ಅವರಿಗೆ ಗೊತ್ತಾಗದಂತೆ ಮಾಡತೊಡಗಿದೆ. ಡಯಾಲಿಸಿಸ್ ದಿನ ಅವರು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದರು.

ಕಿಗ್ಗದಿಂದ ಕೆಳಗಿನ ಒಂದು ಉದ್ದ ಇಳಿಜಾರಿನಲ್ಲಿ ಒಂದು ಬೆಳಿಗ್ಗೆ ಬ್ರೇಕ್ ಒತ್ತಿದರೆ ಹಿಡಿಯಲಿಲ್ಲ. ಪೆಡಲ್ ಕಲ್ಲಿನಂತಾಗಿತ್ತು, ಜೀಪು ಮಾತ್ರ ಜಾರುತ್ತಲೇ ಇತ್ತು. ತಿರುವಿನಲ್ಲಿ ಎದುರಿಗೆ ಬಸ್ಸು. ನಾನು ಎಡಕ್ಕೆ ಎಳೆದೆ. ಜೀಪು ಚರಂಡಿಗಿಳಿದು ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿ ನಿಂತಿತು. ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

ಅವರು ಕಣ್ಣು ಬಿಟ್ಟು ಕೀ ಕಡೆ ನೋಡಿದರು. ಇಂಜಿನ್ ಆಫ್ ಆಗಿತ್ತು. ಇಂಜಿನ್ ಓಡದಿದ್ದರೆ ಆ ಬ್ರೇಕಿಗೆ ಬಲವಿರುವುದಿಲ್ಲ. ಎಲ್ಲ ಅರ್ಥವಾಯಿತು.

"ಎಷ್ಟು ದಿನದಿಂದ ಹೀಗೆ?" ಎಂದರು.

"ಎರಡು ವಾರ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಹೇಳಿದರು: "ಸಾಕು. ಇನ್ಮೇಲೆ ಹೋಗೂದು ಬೇಡ. ಗಾಡಿ ತಿರುಗ್ಸು. ನನ್ನ ಸಲುವಾಗಿ ನೀನೂ ಸಾಯೂದು ಬೇಡ."

"ತಿರುಗ್ಸಲ್ಲ," ಎಂದೆ.

"ಹೇಳಿದ್ದು ಕೇಳು."

"ಕೇಳೂದಿಲ್ಲ. ಇದು ಇಷ್ಟು ಕುಡೀಲಿಕ್ಕೆ ಎಂತ ಕಾರಣ, ಅದನ್ನ ಹೇಳಿ. ನಿಮಗೆ ಗೊತ್ತಿಲ್ಲದೆ ಇರೂದಿಲ್ಲ. ಈ ಗಾಡಿಯ ಒಂದೊಂದು ನಟ್ಟೂ ನಿಮಗೆ ಗೊತ್ತು. ನಾನು ಡಬ್ಬಿ ತಂದು ಸುರಿದೆ, ಅಯಸ್ಕಾಂತ ಕಟ್ಟಿದೆ, ನೀವು ನೋಡ್ತಾ ಕೂತ್ರಿ."

ಅವರು ನನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು. ಕೊನೆಯ ಸ್ಪರ್ಧೆಗೆ ಮುಂಚೆ ಎಳೆತ ಹೆಚ್ಚಾಗಲೆಂದು ಡೀಸೆಲ್ ಪಂಪಿನ ಸೀಲು ಒಡೆದು, ಅದರ ಸ್ಕ್ರೂವನ್ನು ತಾವೇ ತಿರುಗಿಸಿದ್ದರಂತೆ. ಇಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಡೀಸೆಲ್ ಹೋಗುತ್ತದೆ, ಅರ್ಧ ಕರಿ ಹೊಗೆಯಾಗಿ ಹಿಂದೆ ಹೋಗುತ್ತದೆ. ಆ ವರ್ಷ ಸ್ಪರ್ಧೆಯಲ್ಲಿದ್ದ ಕಣಿವೆಯ ಏರನ್ನು ಒಂದೇ ಸಲಕ್ಕೆ ಹತ್ತಿದ್ದು ಇವರೊಬ್ಬರೇ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಲ್ಲಾ ಬಿಚ್ಚಿದೆ ನೀನು. ಅದೊಂದು ಇರ್ಲಿ ಅಂತ ಆಸೆ ಆಯ್ತು," ಎಂದರು. ಎಡಗೈ ಸವರಿಕೊಳ್ಳುತ್ತ, "ನನ್ನ ಮೈಯಲ್ಲಂತೂ ಎಳೆತ ಉಳೀಲಿಲ್ಲ," ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಆದರೂ ಅವರ ಕೈ ಹಿಡಿಯಲಿಲ್ಲ. ಫೋರ್‌ವೀಲ್ ಹಾಕಿ ಜೀಪನ್ನು ಚರಂಡಿಯಿಂದ ಎತ್ತಿ ಕೊಪ್ಪಕ್ಕೆ ಹೊಡೆದೆ.

ಅವರನ್ನು ಯಂತ್ರಕ್ಕೆ ಜೋಡಿಸಿದ ಮೇಲೆ ನನಗೆ ನಾಲ್ಕು ಗಂಟೆ ಇರುತ್ತಿತ್ತು. ಪಂಪಿನ ಕೆಲಸ ಬಲ್ಲ ಮುದುಕ ಮಿಸ್ತ್ರಿಯೊಬ್ಬರು ನರಸಿಂಹರಾಜಪುರದಲ್ಲಿದ್ದಾರೆಂದು ನಮ್ಮವರೇ ದಾರಿಯಲ್ಲಿ ಹೇಳಿದ್ದರು. ಅಲ್ಲಿಗೆ ಹೋದೆ. ಮಿಸ್ತ್ರಿ ಜೀಪನ್ನು ದೂರದಿಂದಲೇ ಗುರುತು ಹಿಡಿದರು.

"ಈ ಗಾಡಿಯವರು ಎಲ್ಲಿ?"

ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಎರಡು ನಿಮಿಷ ಇಂಜಿನ್ ಸದ್ದು ಕೇಳಿದರು, ಹೊಗೆ ನೋಡಿದರು. "ಪಂಪ್ ಇಳಿಸಿ ಮಾಡ್ಬೇಕು ಅಂದ್ರೆ ಎರಡು ದಿನ ಬೇಕು ಅಮ್ಮ."

"ನನ್ನ ಹತ್ರ ಎರಡೂವರೆ ಗಂಟೆ ಇದೆ ಅಷ್ಟೆ," ಎಂದೆ. "ನಾಡಿದ್ದು ಮತ್ತೆ ಬರ್ಬೇಕು. ಗಾಡಿ ನಿಲ್ಸುವ ಹಾಗಿಲ್ಲ."

ಮಿಸ್ತ್ರಿ ಕೆಲಸಕ್ಕಿಳಿದರು. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಕೈಯಿಂದ ತಿರುಗಿಸಿದರು. ಅರ್ಧ ಸುತ್ತಿಗೆ ನಿಂತಿತು. ಬ್ರೇಕ್ ಹಿಡಿದುಕೊಂಡೇ ಇತ್ತು. ಅದನ್ನು ಹೊತ್ತುಕೊಂಡೇ ಜೀಪು ಪ್ರತಿ ಸಲವೂ ತೊಂಬತ್ತು ಕಿಲೋಮೀಟರ್ ಓಡಿತ್ತು. ಮುಂದಿನ ಚಕ್ರಕ್ಕೂ ಇಂಜಿನ್ನಿನ ಎಳೆತ ಕೊಡುವ, ಚಕ್ರದ ನಡುವಿನ ಹಬ್ ಕೂಡ ಲಾಕ್ ಆಗಿಯೇ ಇತ್ತು. ಕೆಸರಿನಲ್ಲಿ ಮಾತ್ರ ಹಾಕಬೇಕಾದದ್ದನ್ನು ನಾನು ಟಾರು ರಸ್ತೆಯಲ್ಲೂ ಹಾಗೇ ಬಿಟ್ಟಿದ್ದೆ. ಅದನ್ನು ಕೈಯಿಂದ ತಿರುಗಿಸಿ ಬಿಡಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಗಾಳಿಯ ಫಿಲ್ಟರು ಬಿಚ್ಚಿ ಬಡಿದರೆ ಹಿಡಿ ಹಿಡಿ ಕೆಂಪು ಧೂಳು ಉದುರಿತು. ಕೊನೆಗೆ ಪಂಪಿನ ಸ್ಕ್ರೂವಿಗೆ ಬಿಳಿ ಬಣ್ಣದಲ್ಲಿ ಒಂದು ಗುರುತು ಹಾಕಿ ಸ್ವಲ್ಪ ಹಿಂದಕ್ಕೆ ತಿರುಗಿಸಿದರು.

"ಎಷ್ಟು ಬರ್ತದೆ ನೋಡೂದು ಹೇಗೆ?" ಎಂದೆ.

ಅವರು ಒಂದು ಲೀಟರಿನ ಬಾಟಲಿಗೆ ಡೀಸೆಲ್ ತುಂಬಿ ಬಾನೆಟ್ ಒಳಗೆ ತಂತಿಯಿಂದ ಕಟ್ಟಿದರು. ಟ್ಯಾಂಕಿನ ಪೈಪು ಬಿಡಿಸಿ ಬಾಟಲಿಗೆ ಹಾಕಿದರು. ಇಂಜಿನ್ನಿನಿಂದ ಮರಳಿ ಬರುವ ಪೈಪನ್ನೂ ಅದೇ ಬಾಟಲಿಗೆ. "ಇದು ಖಾಲಿಯಾಗೋ ಮುಂಚೆ ಎಲ್ಲಿವರೆಗೆ ಹೋಗ್ತದೋ ಅಷ್ಟೇ ಅದ್ರ ಮೈಲೇಜು," ಎಂದು ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಸೀತೂರಿನ ಕಡೆ ಹೋದೆವು. ಒಂಬತ್ತು ಕಿಲೋಮೀಟರಿಗೆ ಇಂಜಿನ್ ಕೆಮ್ಮಿತು. ಅವರಿಗೆ ಸಮಾಧಾನವಾಗಲಿಲ್ಲ. ಮರವೊಂದರ ಕೆಳಗೆ ನಿಲ್ಲಿಸಿ ಸ್ಕ್ರೂವನ್ನು ಇನ್ನೊಂದು ಚೂರು ತಿರುಗಿಸಿ, ಇನ್ನೊಂದು ಬಾಟಲಿ ಕಟ್ಟಿದರು. ಹತ್ತು ದಾಟಿತು.

"ಉಳಿದದ್ದು ಈ ಟೈರಿನದ್ದು. ಇದನ್ನು ಉರುಳಿಸೋದಕ್ಕೇ ಅರ್ಧ ಡೀಸೆಲ್ ಬೇಕು," ಎಂದರು.

ಗಡಿಯಾರ ನೋಡಿದೆ. ನಮ್ಮವರನ್ನು ಯಂತ್ರದಿಂದ ಬಿಡಿಸುವ ಹೊತ್ತು ಮೀರಿತ್ತು. ಮಿಸ್ತ್ರಿಯವರನ್ನು ಅಂಗಡಿಗೆ ಬಿಟ್ಟು ಕೊಪ್ಪ ಸೇರುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ತಡವಾಗಿತ್ತು. ಅವರು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಮುದುಡಿ ಮಲಗಿದ್ದರು. ಬಿಪಿ ಇಳಿದು ವಾಂತಿಯಾಗಿತ್ತಂತೆ. ಗೊತ್ತಿಲ್ಲದ ಹೆಂಗಸೊಬ್ಬರು ತಮ್ಮ ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದರು. ನಾನು ಹತ್ತಿರ ಹೋದಾಗ ಕಣ್ಣು ಬಿಡದೆಯೇ, "ಎಷ್ಟು ಬಂತು?" ಎಂದರು.

"ಹತ್ತು ಚಿಲ್ಲರೆ."

"ಟೈರು ತೆಗೀಬೇಕು ಅಂದಿರ್ಬೇಕು ಅವ್ರು."

"ಹೌದು."

"ತೆಗಿ," ಎಂದರು.

ಸೀತೂರಿನಲ್ಲಿ ಇವರ ಸ್ನೇಹಿತರೊಬ್ಬರಿದ್ದರು. ಭತ್ತ ಬೆಳೆಯುವವರು, ಕೆಸರಿನ ಸ್ಪರ್ಧೆಯಲ್ಲಿ ಪ್ರತಿವರ್ಷ ಇವರೊಡನೆ ಸೆಣಸುತ್ತಿದ್ದವರು. ಅವರ ಕೊಟ್ಟಿಗೆಯಲ್ಲಿ ಜೀಪಿನ ಮೊದಲಿನ ಅಳತೆಯ ಸಪೂರ ಟೈರುಗಳಿದ್ದವು. ಮುಂದಿನ ಗುರುವಾರ, ಇವರನ್ನು ಯಂತ್ರಕ್ಕೆ ಬಿಟ್ಟು ಅಲ್ಲಿಗೆ ಹೋದೆ. ಅವರು ತಮ್ಮ ಟೈರು ಹಾಕಿಕೊಟ್ಟು ನಮ್ಮ ದೊಡ್ಡ ಟೈರನ್ನು ಇಟ್ಟುಕೊಂಡರು. ಕೆಲಸ ಮಾಡುವಷ್ಟು ಹೊತ್ತೂ ತಲೆ ಎತ್ತಲಿಲ್ಲ. "ಇದನ್ನ ನಾನು ಗೆದ್ದು ತಗೋಬೇಕು ಅಂತ ಇದ್ದೆ ಅತ್ತಿಗೆ," ಎಂದರು.

ಹೊರಡುವ ಮುಂಚೆ ಸುಮ್ಮನೆ ಹೊಲಿಗೆಯ ಟೇಪು ತೆಗೆದು ಎರಡು ಟೈರುಗಳ ಸುತ್ತಳತೆ ಹಿಡಿದೆ. ಚಿಕ್ಕದು ಎಂಬತ್ತೆಂಟು ಇಂಚು, ದೊಡ್ಡದು ನೂರ ಮೂರು. ಕಿಲೋಮೀಟರ್ ತೋರಿಸುವ ಮೀಟರು ಎಣಿಸುವುದು ಮೊದಲಿನ ಚಿಕ್ಕ ಟೈರಿನ ಸುತ್ತನ್ನು. ಹಾಗಾದರೆ ಇಷ್ಟು ದಿನ ಮೀಟರು ನೂರು ಎಂದಾಗ ನಾವು ನೂರ ಹದಿನೇಳು ಓಡಿರುತ್ತಿದ್ದೆವು. ಏಳೆಂದು ನಾನು ಎದೆ ಬಡಿದುಕೊಂಡದ್ದು ನಿಜವಾಗಿ ಎಂಟರ ಮೇಲಿತ್ತು. ಇದು ಗೊತ್ತಾಗಿ ನಗು ಬಂತು, ನಗಲು ಹೋಗಿ ಅಲ್ಲೇ ಆ ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ. ಅಷ್ಟು ದಿನಗಳಲ್ಲಿ ಅತ್ತದ್ದು ಅದೊಂದೇ ಸಲ. ಅವರು ನೀರು ತಂದಿಟ್ಟು ಆಚೆ ಹೋಗಿ ನಿಂತರು.

ನನ್ನ ಹೆದರಿಕೆ ನಮ್ಮ ಏರಿನದಾಗಿತ್ತು. ಆ ಸಪೂರ ಟೈರಿನಲ್ಲಿ ಮೂರು ಕಿಲೋಮೀಟರ್ ಕೆಸರು ಹತ್ತುವುದು ಹೇಗೆ? ಸಂಜೆ ಐದಕ್ಕೆ ಸಿರಿಮನೆ ದಾಟಿದೆವು. ಅವರಿಗೆ ಕಾಲು ಹಿಡಿದುಕೊಂಡಿತ್ತು, ಸೀಟಿನ ಕಬ್ಬಿಣವನ್ನು ಅವುಚಿಕೊಂಡಿದ್ದರು. ಮೊದಲ ತಿರುವಿನಲ್ಲೇ ಚಕ್ರ ಇದ್ದಲ್ಲೇ ತಿರುಗಿ ಜೀಪು ಹಿಂದಕ್ಕೆ ಜಾರಿತು. ಹಿಂದೆ ಕಣಿವೆ. ಬ್ರೇಕ್ ಒತ್ತಿ ನಿಲ್ಲಿಸಿದೆ.

"ದೊಡ್ಡ ಟೈರು ಕೆಸರಿನ ಮೇಲೆ ತೇಲ್ತದೆ," ಅವರು ಹೇಳಿದರು. ನೋವಿನಲ್ಲೂ ಧ್ವನಿ ಸಮಾಧಾನವಾಗಿತ್ತು. "ಇದು ಹಾಗಲ್ಲ. ಕೆಸರನ್ನ ಸೀಳಿ ಅಡಿಯ ಗಟ್ಟಿ ನೆಲ ಹಿಡೀತದೆ. ಅದಕ್ಕೆ ಅವಸರ ಮಾಡ್ಬಾರ್ದು. ಇಳಿದು ಹಬ್ ಹಾಕು. ಲೋ ಗೇರ್ ಹಾಕು. ಆಮೇಲೆ ಆಕ್ಸಿಲರೇಟರ್ ಮುಟ್ಟಲೇಬೇಡ. ಅದ್ರ ಪಾಡಿಗೆ ಅದು ಹತ್ತಲಿ."

ಕೆಸರಿನಲ್ಲಿ ಇಳಿದು ಎರಡೂ ಹಬ್ ತಿರುಗಿಸಿ ಬಂದೆ. ಕ್ಲಚ್ ಬಿಟ್ಟೆ. ಜೀಪು ಇದ್ದಲ್ಲೇ ಕೆಸರು ಅಗೆಯಿತು, ಸ್ವಲ್ಪ ಕೆಳಗಿಳಿಯಿತು, ಆಮೇಲೆ ಏನನ್ನೋ ಕಚ್ಚಿ ಹಿಡಿದ ಹಾಗೆ ಮುಂದೆ ಹೋಯಿತು. ನಡೆಯುವವರಿಗಿಂತ ನಿಧಾನ. ಒಂದು ಗಂಟೆ ಹಿಡಿಯಿತು. ಅವರು ಪ್ರತಿ ತಿರುವಿಗೂ "ಎಡಕ್ಕೆ, ಆ ಕಲ್ಲಿನ ಮೇಲೆ," "ಈಗ ನೇರ," ಎಂದು ಹೇಳುತ್ತಲೇ ಬಂದರು. ಅಂಗಳ ಮುಟ್ಟಿದಾಗ ಇಬ್ಬರಿಗೂ ಇಳಿಯಲು ತ್ರಾಣವಿರಲಿಲ್ಲ.

ಅದಾದ ಮೇಲೆ ಲೀಟರಿಗೆ ಹನ್ನೆರಡು ಬರತೊಡಗಿತು. ಒಂದು ಸಲ ಹದಿಮೂರೂ ಬಂತು. ಇಳಿಯುವಾಗ ಗೇರಿನಲ್ಲೇ ಇಳಿಸುವುದು, ಟೈರಿನ ಗಾಳಿ ವಾರಕ್ಕೊಮ್ಮೆ ನೋಡುವುದು, ಟಾರು ಸಿಕ್ಕಿದ ಕೂಡಲೇ ಹಬ್ ಬಿಡಿಸುವುದು, ಇವನ್ನೆಲ್ಲ ಅವರು ದಿನಾ ನೆನಪಿಸುತ್ತಿದ್ದರು. ಮತ್ತೆ ಒಂದು ದಿನವೂ ಡಯಾಲಿಸಿಸ್ ತಪ್ಪಿಸಲಿಲ್ಲ. ಆದರೆ ಅವರು ದಿನದಿನಕ್ಕೂ ಸೊರಗುತ್ತಲೇ ಇದ್ದರು. ನನ್ನ ಕಿಡ್ನಿ ಕೊಡುತ್ತೇನೆಂದು ಪರೀಕ್ಷೆ ಮಾಡಿಸಿದೆ, ಹೊಂದಲಿಲ್ಲ. ಡಯಾಲಿಸಿಸ್ ಬಿಟ್ಟ ಆ ಗುರುವಾರದಿಂದ ಹೃದಯಕ್ಕೆ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರನ್ನು ಒಮ್ಮೆ ಕೇಳಿದೆ. "ಹಾಗೆ ಹೇಳಲು ಬರುವುದಿಲ್ಲ," ಎಂದರು. ಇಲ್ಲ ಎಂದು ಅವರು ಹೇಳಲಿಲ್ಲ.

ಕಾರ್ತಿಕ ಮಾಸದಲ್ಲಿ, ಒಂದು ಮಂಗಳವಾರ, ಯಂತ್ರದಲ್ಲಿದ್ದಾಗಲೇ ಅವರ ಹೃದಯ ನಿಂತಿತು. ನಾನು ಹೊರಗೆ ಜೀಪಿನಲ್ಲಿ ಕೂತು ಒಂದು ರವಿಕೆಗೆ ಗುಂಡಿ ಹಾಕುತ್ತಿದ್ದೆ. ನರ್ಸು ಓಡಿ ಬಂದು ಕರೆದಳು.

ಆಂಬುಲೆನ್ಸ್ ಅವರನ್ನು ಸಿರಿಮನೆಯವರೆಗೆ ತಂದಿತು, ಅದರ ಹಿಂದೆಯೇ ನಾನು ಜೀಪಿನಲ್ಲಿ ಬಂದೆ. ಮಳೆ ನಿಂತಿದ್ದರೂ ರಸ್ತೆ ಕೊರೆದು ಹೋಗಿತ್ತು. ಅದರ ಡ್ರೈವರು ಏರನ್ನು ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದ. ಸುದ್ದಿ ಕೇಳಿ ಬಂದ ಸೀತೂರಿನ ಸ್ನೇಹಿತರು, "ನಾನು ಓಡಿಸ್ತೇನೆ ಅತ್ತಿಗೆ, ನೀವು ಹಿಂದೆ ಕೂತ್ಕೊಳ್ಳಿ," ಎಂದರು.

"ಬೇಡ," ಎಂದೆ.

ಅವರನ್ನು ಹಿಂದಿನ ಸೀಟಿಗೆ ಮಲಗಿಸಿದರು. ಸ್ನೇಹಿತರು ತಲೆ ಹಿಡಿದು ಕೂತರು. ನಾನು ಇಳಿದು ಎರಡೂ ಹಬ್ ಹಾಕಿದೆ. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹತ್ತುತ್ತಾ ಹೋದಂತೆ ಒಂದು ಕಡೆ ಕಲ್ಲಿನ ಮೇಲೆ ಹಾಕಬೇಕಾದ ಚಕ್ರವನ್ನು ಕೊರಕಲಿಗೆ ಇಳಿಸಿಬಿಟ್ಟೆ, ಜೀಪು ಜೋರಾಗಿ ಕುಲುಕಿತು. ಹಿಂದಿನಿಂದ ಯಾರೂ ಏನೂ ಹೇಳಲಿಲ್ಲ. ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಹತ್ತಿಸಿದೆ.